12345654321: ಗಣಿತಸಾರಸಂಗ್ರಹದ ಒಂದು ಕಂಠಾಭರಣ ಸಂಖ್ಯೆ

12345654321 ಎಂಬುದು ಹನ್ನೊಂದು ಅಂಕಿಗಳ ಬೆಸ ಪೂರ್ಣಾಂಕ. ಇದನ್ನು ಲಕ್ಷ-ಕೋಟಿಗಳ ಕ್ರಮದಲ್ಲಿ 12,34,56,54,321 ಎಂದು ಬರೆದು, ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷದ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು ಎಂದು ಓದಲಾಗುತ್ತದೆ. ಇದು 111111ರ ವರ್ಗ. ಅಂಕಿಗಳು ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವುದರಿಂದ, ಎಡದಿಂದ ಓದಿದರೂ ಬಲದಿಂದ ಓದಿದರೂ ಸಂಖ್ಯೆ ಬದಲಾಗುವುದಿಲ್ಲ. ಇಂಥ ಗುಣವುಳ್ಳ ಪದ್ಯಗಳನ್ನು ಅಲಂಕಾರಶಾಸ್ತ್ರವು ಗತಪ್ರತ್ಯಾಗತ ಎಂದು ಕರೆಯುವುದರಿಂದ, ಇದನ್ನು ಗತಪ್ರತ್ಯಾಗತ ಸಂಖ್ಯೆ ಎನ್ನಬಹುದು. ಕರ್ನಾಟಕದ ಗಣಿತ ಚರಿತ್ರೆಯಲ್ಲಿ ಈ ಸಂಖ್ಯೆಗೆ ಸ್ಥಾನ ದೊರೆತದ್ದು ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಿಂದ. ಆ ಗ್ರಂಥದಲ್ಲಿ ಇದು 27994681 ಮತ್ತು 441ರ ಗುಣಲಬ್ಧವಾಗಿ ಬರುತ್ತದೆ.

ಮಹಾವೀರಾಚಾರ್ಯನು ಸುಮಾರು 850ರಲ್ಲಿದ್ದ ಜೈನ ಗಣಿತಜ್ಞ. ಗ್ರಂಥದ ಆರಂಭದ ಪದ್ಯಗಳಲ್ಲಿ ಆತನು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು (ಆಳ್ವಿಕೆ 814–878) ಹೊಗಳಿರುವುದರಿಂದ ಅವನ ಕಾಲವನ್ನು ಗುರುತಿಸುವುದು ಸಾಧ್ಯವಾಗಿದೆ. ಆ ದೊರೆಯ ರಾಜಧಾನಿ ಮಾನ್ಯಖೇಟ ಇಂದು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡ. ಕನ್ನಡದಲ್ಲಿ ಉಪಲಬ್ಧವಿರುವ ಗ್ರಂಥಗಳಲ್ಲಿ ಮೊದಲನೆಯದಾದ ಕವಿರಾಜಮಾರ್ಗ ಹುಟ್ಟಿದ್ದೂ ಇದೇ ಆಸ್ಥಾನದಲ್ಲಿ. ಗಣಿತಸಾರಸಂಗ್ರಹ ಸಂಸ್ಕೃತದಲ್ಲಿದ್ದು, ಗಣಿತವನ್ನು ಜ್ಯೋತಿಷ ಸಿದ್ಧಾಂತದ ಒಂದು ಅಧ್ಯಾಯವಾಗಿಸದೆ ಪ್ರತ್ಯೇಕ ಶಾಸ್ತ್ರವಾಗಿ ನಿರೂಪಿಸುವ ಕೃತಿ. ಸ್ಥಾನಗಳ ಹೆಸರುಗಳನ್ನು ಅದು ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕರಷ್ಟು ಕೊಡುತ್ತದೆ. ಆ ಪಟ್ಟಿಯಲ್ಲಿ ಹನ್ನೊಂದನೆಯದು ಅರ್ಬುದ. ಅದರ ಪ್ರಕಾರ ಪ್ರಸ್ತುತ ಸಂಖ್ಯೆಯು ಒಂದು ಅರ್ಬುದ, ಎರಡು ಶತಕೋಟಿ, ಮೂರು ದಶಕೋಟಿ, ನಾಲ್ಕು ಕೋಟಿ, ಐದು ದಶಲಕ್ಷ ಎಂದು ಇಳಿಯುತ್ತಾ ಬಂದು, ನಟ್ಟನಡುವಿನ ಆರನ್ನು ಲಕ್ಷದ ಸ್ಥಾನದಲ್ಲಿ ಇಟ್ಟುಕೊಳ್ಳುತ್ತದೆ.

ಗುಣಾಕಾರವನ್ನು ಕಲಿಸುವಾಗ ಮಹಾವೀರಾಚಾರ್ಯನು ಉತ್ತರವು ಹಾರದಂತೆ ಎರಡು ಬದಿಗೂ ಸಮನಾಗಿ ತೂಗುವ ಲೆಕ್ಕಗಳನ್ನು ಆರಿಸಿಕೊಂಡು, ಅವನ್ನು ಕೊರಳ ಆಭರಣಗಳೆಂದು ಬಣ್ಣಿಸುತ್ತಾನೆ. 139 × 109 = 15151, 152207 × 73 = 11111111, 12345679 × 9 = 111111111, 142857143 × 7 = 1000000001, 333333666667 × 33 = 11000011000011 ಇವೆಲ್ಲ ಆ ಸಾಲಿನವು. ಇವುಗಳ ನಡುವೆ 12345654321 ಬೇರೆಯಾಗಿ ಎದ್ದು ಕಾಣುತ್ತದೆ, ಏಕೆಂದರೆ ಉಳಿದ ಹಾರಗಳು ಒಂದೆರಡು ಅಂಕಿಗಳ ಪುನರಾವೃತ್ತಿಯಿಂದ ಆದವು, ಇದಾದರೋ ಆರು ಅಂಕಿಗಳ ಏರಿಳಿತದಿಂದ ಆದದ್ದು. ಗ್ರಂಥಕಾರನು ಈ ಸಂಖ್ಯೆಯನ್ನು ಒಂದೊಂದು ಅಂಕಿಯಾಗಿ ಹೇಳದೆ, ಒಂದರಿಂದ ಆರರವರೆಗೆ ನಡೆದು ಅನಂತರ ಕ್ರಮವಾಗಿ ಕುಗ್ಗುವುದೆಂದು ಅದರ ಆಕಾರವನ್ನೇ ಹೇಳಿ ಸೂಚಿಸುತ್ತಾನೆ. ಸಮರೂಪತೆ ಆಕಸ್ಮಿಕವಾಗಿ ಕಣ್ಣಿಗೆ ಬಿದ್ದದ್ದಲ್ಲ, ಬೇಕೆಂದೇ ಹುಡುಕಿದ್ದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗಿಲ್ಲ. ಅಂದಿನ ಗಣಿತ ಗ್ರಂಥಗಳಲ್ಲಿ ಸಂಖ್ಯೆಗಳನ್ನು ಕಣ್ಣು, ಸಮುದ್ರ, ರತ್ನ ಮುಂತಾದ ಶಬ್ದಗಳಿಂದ ಹೇಳಿ, ಏಕಸ್ಥಾನದಿಂದ ಎಡಕ್ಕೆ ಓದಿಕೊಳ್ಳುವ ಪದ್ಧತಿಯಿತ್ತು. ಓದಿನ ದಿಕ್ಕು ತಪ್ಪಿದರೆ ಬೇರೆ ಸಂಖ್ಯೆಗಳು ಕೆಡುತ್ತವೆ, ಈ ಹಾರಗಳು ಮಾತ್ರ ಕೆಡುವುದಿಲ್ಲ.

ಏರಿಳಿತದ ಕಾರಣ ಸರಳವಾದದ್ದು. 111111ನ್ನು ಅದರಿಂದಲೇ ಗುಣಿಸುವಾಗ ಒಂದರ ಕೆಳಗೊಂದು ಆರು ಸಾಲು ಬರುತ್ತವೆ, ಪ್ರತಿಯೊಂದು ಸಾಲೂ 111111 ಆಗಿದ್ದು ಹಿಂದಿನದಕ್ಕಿಂತ ಒಂದು ಸ್ಥಾನ ಎಡಕ್ಕೆ ಸರಿದಿರುತ್ತದೆ. ಕಂಬಗಳನ್ನು ಕೂಡಿದಾಗ ಬಲತುದಿಯ ಕಂಬದಲ್ಲಿ ಒಂದು 1, ಮುಂದಿನದರಲ್ಲಿ ಎರಡು, ನಡುವಿನದರಲ್ಲಿ ಆರು, ಆಮೇಲೆ ಮತ್ತೆ ಐದು, ನಾಲ್ಕು ಎಂದು ಕಡಮೆಯಾಗುತ್ತ ಬರುತ್ತದೆ. ಯಾವ ಕಂಬದ ಮೊತ್ತವೂ ಹತ್ತನ್ನು ಮುಟ್ಟದಿರುವುದರಿಂದ ದಶಕ ಏರಿಸುವ ಪ್ರಮೇಯವೇ ಬರುವುದಿಲ್ಲ, ಕಂಬಗಳ ಎಣಿಕೆಯೇ ಉತ್ತರದ ಅಂಕಿಗಳಾಗಿ ನಿಲ್ಲುತ್ತದೆ. ಒಂಬತ್ತು ಒಂದುಗಳವರೆಗೆ ಈ ಸೊಗಸು ಉಳಿದು 111111111ರ ವರ್ಗ 12345678987654321 ಆಗುತ್ತದೆ. ಹತ್ತನೆಯ ಒಂದನ್ನು ಸೇರಿಸಿದೊಡನೆ ನಡುವಿನ ಕಂಬ ಹತ್ತಾಗಿ, ದಶಕ ಏರಿ, 1234567900987654321 ಎಂಬ ಮುರಿದ ಹಾರ ಸಿಗುತ್ತದೆ. ಹತ್ತನ್ನು ಆಧಾರವಾಗಿಟ್ಟ ಬರವಣಿಗೆಯೇ ಇದಕ್ಕೆ ಬೇಕೆಂದೇನೂ ಇಲ್ಲ. ಏಳು ಅಥವಾ ಅದಕ್ಕಿಂತ ದೊಡ್ಡ ಯಾವ ಆಧಾರದಲ್ಲಾದರೂ 111111 ಎಂದು ಬರೆಯುವ ಸಂಖ್ಯೆಯ ವರ್ಗವನ್ನು 12345654321 ಎಂದೇ ಬರೆಯಬೇಕಾಗುತ್ತದೆ. ಆಧಾರ ಏಳಾದಾಗ ಅವೆರಡರ ದಶಮಾನ ಬೆಲೆ ಕ್ರಮವಾಗಿ 19608 ಮತ್ತು 384473664.

ಕಂಬಗಳ ಇದೇ ಎಣಿಕೆ ಸಂಭಾವ್ಯತೆಯ ಪಾಠದಲ್ಲಿಯೂ ಕಾಣಿಸಿಕೊಳ್ಳುತ್ತದೆ. ಹಾವು-ಏಣಿ ಆಟದ ಆರು ಮುಖದ ದಾಳಗಳೆರಡನ್ನು ಒಟ್ಟಿಗೆ ಉರುಳಿಸಿದಾಗ ಮೊತ್ತ 2 ಬರಲು ಒಂದೇ ದಾರಿ, 3 ಬರಲು ಎರಡು, 7 ಬರಲು ಆರು, 12 ಬರಲು ಮತ್ತೆ ಒಂದೇ ದಾರಿ ಇರುವುದರಿಂದ, ಎರಡರಿಂದ ಹನ್ನೆರಡರವರೆಗಿನ ಹನ್ನೊಂದು ಮೊತ್ತಗಳ ದಾರಿಗಳನ್ನು ಸಾಲಾಗಿ ಬರೆದರೆ ಈ ಸಂಖ್ಯೆಯೇ ಆಗುತ್ತದೆ. ಒಟ್ಟು ದಾರಿಗಳು 36. ಅಂಕಿಗಳ ಮೊತ್ತವೂ ಅಷ್ಟೇ. ಸಂಖ್ಯೆಯನ್ನು 36ರಿಂದ ಗುಣಿಸಿದರೆ 444443555556 ಬರುತ್ತದೆ, ಅದು 666666ರ ವರ್ಗ.

ಒಂದು ಎಂಬ ಅಂಕಿಯನ್ನೇ ಮರುಕಳಿಸಿ ಬರೆದ ಸಂಖ್ಯೆಗಳಿಗೆ ಇಂದಿನ ಗಣಿತದಲ್ಲಿ ರೀಪ್ಯುನಿಟ್ ಎಂಬ ಹೆಸರಿದೆ. ಅವುಗಳ ವರ್ಗಗಳಾದ 1, 121, 12321, 1234321 ಮುಂತಾದವನ್ನು 20ನೆಯ ಶತಮಾನದಲ್ಲಿ ನಾಸಿಕದ ಹತ್ತಿರದ ದೇವಳಾಲಿಯ ಶಾಲಾ ಶಿಕ್ಷಕ ದ. ರಾ. ಕಾಪ್ರೇಕರ್ (1905–1986) ವಿಶೇಷವಾಗಿ ಅಭ್ಯಸಿಸಿ, ಮುಂಬಯಿ ಬಳಿಯ ಒಂದು ರೈಲು ನಿಲ್ದಾಣದ ಹೆಸರಿನಿಂದ ಡೆಮ್ಲೊ ಸಂಖ್ಯೆಗಳೆಂದು ಕರೆದರು. ಆ ಸಾಲಿನಲ್ಲಿ 12345654321 ಆರನೆಯದು.

ಸಂಖ್ಯೆಯ ಒಳರಚನೆ ತಿಳಿಯಬೇಕಾದರೆ ಅದನ್ನು ಅವಿಭಾಜ್ಯಗಳಾಗಿ, ಎಂದರೆ ಒಂದು ಮತ್ತು ತಾನು ಇವೆರಡರಿಂದ ಹೊರತು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಗಳಾಗಿ ಬಿಡಿಸಬೇಕು. 111111 ಎಂಬುದು 111 ಮತ್ತು 1001ರ ಗುಣಲಬ್ಧ. 111 ಎಂದರೆ 3 × 37, 1001 ಎಂದರೆ 7 × 11 × 13. ಆದ್ದರಿಂದ 12345654321ರಲ್ಲಿ 3, 7, 11, 13, 37 ಈ ಐದು ಅವಿಭಾಜ್ಯಗಳು ಎರಡೆರಡು ಸಲ ಬರುತ್ತವೆ, ಬೇರೆ ಯಾವುದೂ ಬರುವುದಿಲ್ಲ. ಮಹಾವೀರಾಚಾರ್ಯನ ಗುಣಕ 441 ಎಂಬುದು 3 × 7ರ, ಎಂದರೆ 21ರ ವರ್ಗ; ಗುಣ್ಯ 27994681 ಉಳಿದ ಮೂರರ ಗುಣಲಬ್ಧವಾದ 5291ರ ವರ್ಗ. ಈ ಸಂಖ್ಯೆಯನ್ನು ಎರಡು ಅಪವರ್ತನಗಳ ಗುಣಲಬ್ಧವಾಗಿ ಒಟ್ಟು 122 ಬಗೆಯಲ್ಲಿ ಬರೆಯಬಹುದಾದರೂ, ಎರಡೂ ಅಪವರ್ತನಗಳು ಪೂರ್ಣವರ್ಗಗಳಾಗಿರುವ ಬಗೆಗಳು, 1 × 12345654321ನ್ನೂ ಸೇರಿಸಿ, 16 ಮಾತ್ರ. ಅವುಗಳಲ್ಲೊಂದನ್ನು ಆರಿಸಿರುವುದನ್ನು ನೋಡಿದರೆ, 111111ರ ವರ್ಗದಿಂದಲೇ ಹೊರಟು ಅದನ್ನು ಬೇಕೆಂದೇ ಮರೆಮಾಡಿದಂತೆ ತೋರುತ್ತದೆ: 111111 × 111111 ಎಂದು ಕೊಟ್ಟಿದ್ದರೆ ಉತ್ತರದ ಆಕಾರವನ್ನು ವಿದ್ಯಾರ್ಥಿ ಮೊದಲೇ ಊಹಿಸುತ್ತಿದ್ದ, 27994681 × 441 ಎಂಬಲ್ಲಿ ಕೊನೆಯ ಸಾಲನ್ನು ಕೂಡುವವರೆಗೂ ಸುಳಿವು ಸಿಗುವುದಿಲ್ಲ.

ಈ ಐದು ಅವಿಭಾಜ್ಯಗಳಿಗೆ ಭಾಗಾಕಾರವಿಲ್ಲದ ಪರೀಕ್ಷೆಯೊಂದಿದೆ. ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳ ಗುಂಪುಗಳಾಗಿ ಒಡೆದು (ಇಲ್ಲಿ ಲಕ್ಷ-ಕೋಟಿಯ ಅಲ್ಪವಿರಾಮಗಳನ್ನು ಮರೆಯಬೇಕು) ಗುಂಪುಗಳನ್ನು ಒಂದು ಬಿಟ್ಟೊಂದರಂತೆ ಕೂಡಿ ಕಳೆದಾಗ ಬರುವುದು 7, 11 ಅಥವಾ 13ರಿಂದ ಭಾಗವಾದರೆ ಮೂಲ ಸಂಖ್ಯೆಯೂ ಅದರಿಂದ ಭಾಗವಾಗುತ್ತದೆ. ಗುಂಪುಗಳನ್ನೆಲ್ಲ ಕೂಡಿದಾಗ ಬರುವುದರಿಂದ 3 ಮತ್ತು 37ರ ಪರೀಕ್ಷೆಯಾಗುತ್ತದೆ. ಪ್ರಸ್ತುತ ಸಂಖ್ಯೆಯಲ್ಲಿ 321 − 654 + 345 − 12 ಸೊನ್ನೆಯಾಗುತ್ತದೆ, ಗುಂಪುಗಳ ಮೊತ್ತ 1332 ಎಂಬುದು 37ರ 36 ಪಟ್ಟು. ಆರಂಕಿಯ ಅಂಚೆ ಪಿನ್‌ಗಳಿಗೆ ಈ ಪರೀಕ್ಷೆ ಒಂದೇ ವ್ಯವಕಲನ ಮತ್ತು ಒಂದೇ ಸಂಕಲನದಲ್ಲಿ ಮುಗಿಯುತ್ತದೆ. ಪಶ್ಚಿಮ ಬೆಂಗಳೂರಿನ ನಾಲ್ಕು ಬಡಾವಣೆಗಳನ್ನು ತೆಗೆದುಕೊಂಡರೆ, ರಾಜಾಜಿನಗರದ 560010ರಲ್ಲಿ 560 − 10 = 550 ಆಗಿ ಅದು 11ರಿಂದ ಭಾಗವಾಗುತ್ತದೆ; ವಿಜಯನಗರದ 560040ರಲ್ಲಿ ಸಿಗುವ 520, ಬಸವೇಶ್ವರನಗರದ 560079ರಲ್ಲಿ ಸಿಗುವ 481 ಎರಡೂ 13ರ ಅಪವರ್ತ್ಯಗಳು; ಈ ಮೂರೂ ಪಿನ್‌ಗಳು 3ರಿಂದಲೂ ಭಾಗವಾಗುತ್ತವೆ. ಕೆಂಗೇರಿಯ 560060ರಲ್ಲಿ ವ್ಯತ್ಯಾಸ 500, ಮೊತ್ತ 620. ಐದು ಅವಿಭಾಜ್ಯಗಳಲ್ಲಿ ಒಂದೂ ಅದನ್ನು ಭಾಗಿಸುವುದಿಲ್ಲವಾದ್ದರಿಂದ ಕೆಂಗೇರಿಯ ಪಿನ್ ಮತ್ತು 12345654321 ಸಹ-ಅವಿಭಾಜ್ಯಗಳು, ಎಂದರೆ ಒಂದನ್ನು ಬಿಟ್ಟು ಬೇರೆ ಸಾಮಾನ್ಯ ಭಾಜಕವಿಲ್ಲದವು.

ಅಂಕಿಗಳ ಆಟವನ್ನು ಬದಿಗಿಟ್ಟು ಭಾಜಕಗಳ ಕಡೆಗೆ ತಿರುಗಿದಾಗ ಈ ಸಂಖ್ಯೆ ಇನ್ನೂ ಆಳವಾದ ವಿಷಯಕ್ಕೆ ತಗಲುತ್ತದೆ. ಐದು ಅವಿಭಾಜ್ಯಗಳಲ್ಲಿ ಪ್ರತಿಯೊಂದನ್ನೂ ಸೊನ್ನೆ, ಒಂದು ಅಥವಾ ಎರಡು ಸಲ ತೆಗೆದುಕೊಳ್ಳಬಹುದಾದ್ದರಿಂದ ಅದರ ಭಾಜಕಗಳು 3ರ ಐದನೆಯ ಘಾತ, ಎಂದರೆ 243. ಅವುಗಳ ಒಟ್ಟು ಮೊತ್ತ 25375524993. ತನ್ನನ್ನೇ ಬಿಟ್ಟು ಉಳಿದ 242 ಭಾಜಕಗಳ ಮೊತ್ತ 13029870672. ಒಂದು ಸಂಖ್ಯೆಯ ಇಂಥ ಮೊತ್ತವು ಸಂಖ್ಯೆಗಿಂತ ಕಡಮೆಯಿದ್ದರೆ ಅದು ನ್ಯೂನ, ಸಮನಾದರೆ ಪರಿಪೂರ್ಣ, ಹೆಚ್ಚಿದ್ದರೆ ಅಧಿಕ ಸಂಖ್ಯೆ ಎಂದು ಪ್ರಾಚೀನ ಗ್ರೀಕರಿಂದ ಬಂದ ವಿಂಗಡಣೆ. ಬೆಸ ಸಂಖ್ಯೆಗಳಲ್ಲಿ ಅಧಿಕವಾದವು ವಿರಳ, ಅವುಗಳಲ್ಲಿ ಅತಿ ಚಿಕ್ಕದು 945. ಮಹಾವೀರಾಚಾರ್ಯನ ಈ ಸಂಖ್ಯೆ ಅಂಥದೊಂದು ಬೆಸ ಅಧಿಕ ಸಂಖ್ಯೆ.

ಈ ಆಧಿಕ್ಯಕ್ಕೆ 37 ಕಾರಣ. 12345654321ರಿಂದ 37ನ್ನು ಎರಡು ಸಲವೂ ತೆಗೆದರೆ 9018009 ಉಳಿಯುತ್ತದೆ. ಇದು 3003 ಎಂಬ ಗತಪ್ರತ್ಯಾಗತ ಸಂಖ್ಯೆಯ ವರ್ಗ. ಇದರ ಎಲ್ಲ ಭಾಜಕಗಳ ಮೊತ್ತ 18035199. ಪರಿಪೂರ್ಣವಾಗಲು ಬೇಕಾದದ್ದು 9018009ರ ಇಮ್ಮಡಿಯಾದ 18036018. ಕೊರತೆ ಬರೀ 819. ತೊಂಬತ್ತು ಲಕ್ಷವನ್ನು ಮೀರಿದ ಸಂಖ್ಯೆಯೊಂದು ಎಂಟುನೂರ ಹತ್ತೊಂಬತ್ತರಷ್ಟು ಅಂತರದಲ್ಲಿ ಪರಿಪೂರ್ಣತೆಯನ್ನು ತಪ್ಪಿಸಿಕೊಂಡಿದೆ. ಹೊಸದೊಂದು ಅವಿಭಾಜ್ಯದಿಂದ ಗುಣಿಸಿ ಈ ಕೊರತೆಯನ್ನು ಸರಿಯಾಗಿ ತುಂಬಿಸಲು ಸಾಧ್ಯವೇ ಎಂದು ಕೇಳಿದರೆ, ಬೇಕಾದ ಅವಿಭಾಜ್ಯವು 18035199ನ್ನು 819ರಿಂದ ಭಾಗಿಸಿದಾಗ ಬರುವ ಸಂಖ್ಯೆಯಾಗಿರಬೇಕು ಎಂದು ಲೆಕ್ಕ ಹೇಳುತ್ತದೆ. ಆ ಭಾಗಾಕಾರ ನಿಶ್ಶೇಷವಾಗಿ 22021 ಎಂದು ಬರುತ್ತದೆ. ಫ್ರಾನ್ಸಿನ ತತ್ತ್ವಜ್ಞಾನಿ ರೆನೆ ದೆಕಾರ್ತ್ 1638ರಲ್ಲಿ ಗಮನಿಸಿದ್ದು ಇದನ್ನೇ. 9018009 × 22021 = 198585576189 ಎಂಬುದು, 22021 ಅವಿಭಾಜ್ಯವಾಗಿದ್ದಿದ್ದರೆ, ಒಂದು ಬೆಸ ಪರಿಪೂರ್ಣ ಸಂಖ್ಯೆಯಾಗುತ್ತಿತ್ತು. ಆದರೆ 22021 ಎಂಬುದು 19 × 19 × 61. ಬೆಸ ಪರಿಪೂರ್ಣ ಸಂಖ್ಯೆ ಇದೆಯೇ ಎಂಬ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲ. ಇದ್ದರೆ ಅದು 10ರ 1500ನೆಯ ಘಾತಕ್ಕಿಂತ ದೊಡ್ಡದಾಗಿರಬೇಕೆಂದು 2012ರಲ್ಲಿ ಪಾಸ್ಕಲ್ ಒಶೆಮ್ ಮತ್ತು ಮಿಕಾಯೆಲ್ ರಾವ್ ಸಾಧಿಸಿ ತೋರಿಸಿದರು. ದೆಕಾರ್ತನು ಸೂಚಿಸಿದ ಸಂಖ್ಯೆಗೂ ಮಾನ್ಯಖೇಟದ ಹಾರಕ್ಕೂ ಮೂಲದ್ರವ್ಯ ಒಂದೇ: ಅಲ್ಲಿ 22021 ಇರುವ ಕಡೆ ಇಲ್ಲಿ 37ರ ವರ್ಗವಾದ 1369 ಇದೆ. ಎಷ್ಟು ಚಿಕ್ಕ ಅವಿಭಾಜ್ಯದಿಂದ ಗುಣಿಸಿದರೆ ಅಷ್ಟು ಹೆಚ್ಚು ಆಧಿಕ್ಯ ಉಂಟಾಗುವುದರಿಂದ, 37ನ್ನು ಒಂದೇ ಸಲ ಸೇರಿಸಿದರೂ ಸಂಖ್ಯೆ ಪರಿಪೂರ್ಣತೆಯ ಗಡಿಯನ್ನು ದಾಟಿಬಿಡುತ್ತದೆ. ಹಾಗೆ ಸೇರಿಸಿದಾಗ ಬರುವ 333666333 ಎಂಬುದೂ ಒಂದು ಹಾರವೇ.

ಗಣಿತಸಾರಸಂಗ್ರಹದ ಕ್ಷೇತ್ರಗಣಿತದ ಭಾಗದಲ್ಲಿ ಎರಡು ಬೀಜ ಸಂಖ್ಯೆಗಳಿಂದ ಆಯತವನ್ನು ಹುಟ್ಟಿಸುವ ಜನ್ಯ ಎಂಬ ವಿಧಾನವಿದೆ: ಬೀಜಗಳ ವರ್ಗಗಳ ವ್ಯತ್ಯಾಸ ಒಂದು ಭುಜ, ಅವುಗಳ ಗುಣಲಬ್ಧದ ಇಮ್ಮಡಿ ಇನ್ನೊಂದು ಭುಜ, ವರ್ಗಗಳ ಮೊತ್ತ ಕರ್ಣ. ಅದೇ ಭಾಗದಲ್ಲಿ ಕರ್ಣ 65 ಇರುವ ನಾಲ್ಕು ಆಯತಗಳು ದೊರೆಯುತ್ತವೆ. ಅವುಗಳ ಭುಜಗಳು 16 ಮತ್ತು 63, 25 ಮತ್ತು 60, 33 ಮತ್ತು 56, 39 ಮತ್ತು 52. ಇದೇ ಪ್ರಶ್ನೆಯನ್ನು 111111ಕ್ಕೆ ಕೇಳಿದರೆ, ಅದರ ಅಪವರ್ತನಗಳಲ್ಲಿ ನಾಲ್ಕರಿಂದ ಭಾಗಿಸಿದಾಗ ಒಂದು ಉಳಿಯುವ 13 ಮತ್ತು 37 ಮಾತ್ರ ಕೆಲಸಕ್ಕೆ ಬರುತ್ತವೆ. ಅವುಗಳ ಗುಣಲಬ್ಧವಾದ 481ಕ್ಕೆ 16 ಮತ್ತು 15, 20 ಮತ್ತು 9 ಎಂಬ ಎರಡು ಜೋಡಿ ಬೀಜಗಳಿದ್ದು, 13 ಮತ್ತು 37ರ ಬಿಡಿ ಆಯತಗಳನ್ನು ಹಿಗ್ಗಿಸಿದಾಗ ಬರುವ ಎರಡನ್ನೂ ಸೇರಿಸಿದರೆ ಇಲ್ಲಿಯೂ ನಾಲ್ಕೇ ಆಯತಗಳಾಗುತ್ತವೆ. ಅವುಗಳ ಭುಜಗಳು 7161 ಮತ್ತು 110880, 73689 ಮತ್ತು 83160, 42735 ಮತ್ತು 102564, 36036 ಮತ್ತು 105105. ಕೊನೆಯದನ್ನು ಕೈಲೆಕ್ಕದಲ್ಲೇ ಸರಿನೋಡಬಹುದು: 1298593296 ಮತ್ತು 11047061025 ಕೂಡಿದರೆ 12345654321.

ಇದರ ವ್ಯುತ್ಕ್ರಮವೂ, ಎಂದರೆ ಒಂದನ್ನು ಇದರಿಂದ ಭಾಗಿಸಿದಾಗ ಬರುವ ದಶಮಾಂಶವೂ, ನೋಡತಕ್ಕದ್ದು. ಬಿಂದುವಿನ ನಂತರ ಆರಾರು ಅಂಕಿಗಳ ಗುಂಪು ಮಾಡಿದರೆ 000000, 000081, 000162, 000243, 000324 ಎಂದು ಎಂಬತ್ತೊಂದರ ಮಗ್ಗಿ ಬರುತ್ತಾ ಹೋಗುತ್ತದೆ. 81 × 12345 = 999945ರವರೆಗೆ ಮಗ್ಗಿಯ ಫಲ ಆರು ಅಂಕಿಗಳಲ್ಲಿ ಹಿಡಿಯುತ್ತದೆ, ಮುಂದಿನದು ಹತ್ತು ಲಕ್ಷವನ್ನು ಮೀರಿ ಹಿಂದಿನ ಗುಂಪಿಗೆ ಒಂದನ್ನು ದಾಟಿಸುತ್ತದೆ. ಅಲ್ಲಿ 12345 ಕಾಣಿಸುವುದು ಕಾಕತಾಳೀಯವಲ್ಲ. ಹಾರಗಳ ಪಟ್ಟಿಯಲ್ಲಿಯೇ ಇರುವ 12345679ನ್ನು 81ರಿಂದ ಗುಣಿಸಿದರೆ 999999999 ಬರುತ್ತದೆ ಎಂಬುದೇ ಅದರ ಕಾರಣ. ಇಡೀ ದಶಮಾಂಶವು 222222 ಅಂಕಿಗಳಾದ ಮೇಲೆ ಮೊದಲಿನಿಂದ ಮರುಕಳಿಸುತ್ತದೆ.

ಇಷ್ಟೆಲ್ಲ ಗುಣಗಳು ಮಹಾವೀರಾಚಾರ್ಯನಿಗೆ ತಿಳಿದಿದ್ದವೆಂದು ಅವನ ತಲೆಗೆ ಕಟ್ಟುವುದು ಸಲ್ಲದು. ಪರಿಪೂರ್ಣ ಮತ್ತು ಅಧಿಕ ಸಂಖ್ಯೆಗಳ ವಿಚಾರ ಅವನ ಗ್ರಂಥದ್ದಲ್ಲ, ಆವರ್ತ ದಶಮಾಂಶ ಅವನ ಕಾಲದ್ದಲ್ಲ. ಅವನದೆಂದು ನಿಸ್ಸಂದೇಹವಾಗಿ ಹೇಳಬಹುದಾದದ್ದು ಸಂಖ್ಯೆಯ ಆಯ್ಕೆ, ಅದರ ಆಕಾರದ ಅರಿವು ಮತ್ತು 441 ಎಂಬ ಜಾಣ ಗುಣಕ. ಒಂಬತ್ತನೆಯ ಶತಮಾನದ ಪಠ್ಯಪುಸ್ತಕವೊಂದರ ಅಭ್ಯಾಸದ ಲೆಕ್ಕಕ್ಕೆ ಇಷ್ಟು ಕಡಮೆಯ ಮಾತಲ್ಲ. ಗ್ರಂಥವು ದಕ್ಷಿಣದಲ್ಲಿ ಬಹುಕಾಲ ಬಳಕೆಯಲ್ಲಿತ್ತು: 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು, 12ನೆಯ ಶತಮಾನದಲ್ಲಿ ಜೈನ ಕವಿ ರಾಜಾದಿತ್ಯನು ವ್ಯವಹಾರಗಣಿತದ ಮೂಲಕ ಕನ್ನಡದಲ್ಲಿಯೇ ಗಣಿತವನ್ನು ಬರೆದನು. ಮೂಲವನ್ನು ಇಂಗ್ಲಿಷ್ ಅನುವಾದದೊಡನೆ ಎಂ. ರಂಗಾಚಾರ್ಯರು ಸಂಪಾದಿಸಿ 1912ರಲ್ಲಿ ಮದರಾಸಿನಲ್ಲಿ ಅಚ್ಚು ಮಾಡಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದವಿರುವ ಆವೃತ್ತಿಯು 2000ದಲ್ಲಿ ಹೊಂಬುಜದಿಂದ ಪ್ರಕಟವಾಗಿದೆ.